ಹಿಮದ ಬಿರುಗಾಳಿ ನಿಂತ ಮರುದಿನ

ಕನ್ನಡದಲ್ಲಿ ‘ಹಿಮ’ ಎಂಬ ಮಾತು ಬಹು ಹಳೆಯದು. ಆದರೆ ಕನ್ನಡ ನಾಡಿನಲ್ಲಿ ಆ ವಸ್ತುವಿಲ್ಲ. ಮಾಗಿಯ ಬೆಳಗಿನಲ್ಲಿ ಹೊಲದ ಮೇಲೆ ಕುಳಿತ ಇಬ್ಬನಿಯನ್ನೂ, ಮಡಿಕೇರಿಯ ಕಣಿವೆಗಳನ್ನು ತುಂಬುವ ಮಂಜನ್ನೂ, ಮುಂಗಾರಿಗೆ ಮುಂಚೆ ಹೆಂಚಿನ ಮೇಲೆ ಸದ್ದುಮಾಡುತ್ತ ಬೀಳುವ ಆಲಿಕಲ್ಲನ್ನೂ ನಾವು ಬಲ್ಲೆವು. ಆಳೆತ್ತರ ಬಿದ್ದು ತಿಂಗಳುಗಟ್ಟಲೆ ನಿಲ್ಲುವ ಹಿಮವನ್ನು ನಮ್ಮಲ್ಲಿ ಹೆಚ್ಚು ಮಂದಿ ಚಿತ್ರಗಳಲ್ಲಿ ಮಾತ್ರ ಕಂಡಿದ್ದೇವೆ. ಆದಕಾರಣ ಹಿಮಗಿರಿ ಎಂದೊಡನೆ ನಮ್ಮ ಮನಸ್ಸಿಗೆ ತೋರುವುದು ಶುಭ್ರತೆ, ಶಾಂತಿ, ನಿಶ್ಚಲತೆ. ಪರ್ವತಕ್ಕೆ ‘ಅಚಲ’ವೆಂಬ ಹೆಸರನ್ನೇ ನಮ್ಮ ಹಿರಿಯರು ಕೊಟ್ಟರು. ಪರ್ವತವೇನೋ ಅಚಲವೇ ಸರಿ. ಅದರ ಮೇಲೆ ಕುಳಿತ ಹಿಮ ಮಾತ್ರ ಅಚಲವಲ್ಲ.

ಈ ಹೊತ್ತಿನ ಉಪನ್ಯಾಸದಲ್ಲಿ ನಾವು ಹೇಳಹೊರಟಿರುವುದು ಈ ಚಲಿಸುವ ಹಿಮದ ಚರಿತ್ರೆ. ಮುಗಿಲಿನಿಂದ ಹಿಮ ಬೀಳುವುದನ್ನು ‘ಹಿಮಪಾತ’ವೆಂದೂ, ಬಿದ್ದು ನಿಂತ ಹಿಮ ಬೆಟ್ಟದ ಇಳಿಜಾರಿನಿಂದ ಒಮ್ಮೆಗೇ ಜಾರಿ ಬರುವುದನ್ನು ‘ಹಿಮಕುಸಿತ’ವೆಂದೂ ಕರೆಯೋಣ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಕೆಲವು ವೇಳೆ ಕೆಲವು ಗಂಟೆಗಳು, ಕೆಲವು ವೇಳೆ ಕೆಲವು ದಿನಗಳು, ಒಮ್ಮೊಮ್ಮೆ ವಾರಗಳೇ ಕಳೆಯುವುದುಂಟು. ಬಿರುಗಾಳಿ ಬೀಸುತ್ತಿರುವಾಗ ಮನುಷ್ಯನು ಮನೆಯೊಳಗಿರುತ್ತಾನೆ. ಗಾಳಿ ನಿಂತು, ಆಕಾಶ ತಿಳಿಯಾಗಿ, ಬಿಸಿಲು ಬಿದ್ದು, ಬೆಟ್ಟವೆಲ್ಲ ಬೆಳ್ಳಿಯಂತೆ ಹೊಳೆಯುವಾಗ ಹೊರಕ್ಕೆ ಬರುತ್ತಾನೆ. ಅವನ ಎಣಿಕೆಯಲ್ಲಿ ಅಪಾಯ ಕಳೆದಿದೆ. ಬೆಟ್ಟದ ಲೆಕ್ಕದಲ್ಲಿ ಅಪಾಯ ಇನ್ನೂ ತುಂಬಿ ನಿಂತಿದೆ. ಈ ಒಂದು ಸಂಗತಿಯನ್ನು ತಿಳಿಯುವುದಕ್ಕೆ ಮನುಷ್ಯನಿಗೆ ಎರಡು ಸಾವಿರ ವರ್ಷಗಳು ಹಿಡಿದುವು. ತಿಳಿದ ಮೇಲೂ ಅದನ್ನು ನಡತೆಯಲ್ಲಿ ತರುವುದು ಕಷ್ಟವಾಗಿಯೇ ಉಳಿದಿದೆ.

ಚರಿತ್ರೆಯಲ್ಲಿ ಇದರ ಮೊದಲ ಸುಳಿವು ಒಂದು ದಂಡಯಾತ್ರೆಯ ಕಥೆಯಲ್ಲಿ ಸಿಕ್ಕುತ್ತದೆ. ಕ್ರಿಸ್ತಪೂರ್ವ ೨೧೮ರಲ್ಲಿ ಕಾರ್ಥೇಜಿನ ದಂಡನಾಯಕನಾದ ಹ್ಯಾನಿಬಲನು ಆನೆಗಳನ್ನೂ ಕುದುರೆಗಳನ್ನೂ ಕಟ್ಟಿಕೊಂಡು ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಗೆ ಇಳಿದನು. ಈ ಸಾಹಸವನ್ನು ಬರೆದಿಟ್ಟ ಗ್ರೀಕ್ ಚರಿತ್ರಕಾರ ಪೊಲೀಬಿಯಸನು ಇಳಿಯುವ ಹಾದಿಯಲ್ಲಿ ಸೈನ್ಯಕ್ಕೆ ಒದಗಿದ ಕಷ್ಟವನ್ನು ಬಹು ಸೂಕ್ಷ್ಮವಾಗಿ ಗುರುತಿಸಿದ್ದಾನೆ. ಹಿಂದಿನ ಚಳಿಗಾಲದಿಂದ ಉಳಿದು ಗಟ್ಟಿಯಾಗಿದ್ದ ಹಳೆಯ ಹಿಮದ ಮೇಲೆ ಆ ವರ್ಷದ ಹೊಸ ಹಿಮ ಬಿದ್ದಿತ್ತು. ಕಾಲು ಮೃದುವಾದ ಹೊಸ ಹಿಮವನ್ನು ತೂರಿ ಕೆಳಗಿನ ಗಟ್ಟಿ ಪದರವನ್ನು ಮುಟ್ಟಿದೊಡನೆ ಜಾರುತ್ತಿತ್ತು. ಇದಾಗಿ ಸುಮಾರು ಎರಡು ಶತಮಾನಗಳ ಮೇಲೆ ಭೂಗೋಳಕಾರನಾದ ಸ್ಟ್ರೇಬೋ ಇನ್ನೂ ಮುಂದೆ ಹೋದನು. ಆಲ್ಪ್ಸಿನಲ್ಲಿ ಹಿಮವು ಪದರ ಪದರವಾಗಿ ನಿಂತಿರುತ್ತದೆ, ಮೇಲಿನ ಪದರ ಕೆಳಗಿನದರಿಂದ ಕಳಚಿಕೊಂಡು ಬಿದ್ದು ಒಂದು ವರ್ತಕರ ತಂಡವನ್ನೇ ಕಣಿವೆಗೆ ನೂಕಬಲ್ಲದು, ಎಂಬ ಅರ್ಥದ ವಿವರಣೆ ಅವನ ಗ್ರಂಥದಲ್ಲಿದೆ. ಇಂದಿನ ವಿಜ್ಞಾನದ ಬೀಜವೆಲ್ಲ ಈ ಎರಡು ವರ್ಣನೆಗಳಲ್ಲಿ ಅಡಗಿದೆ. ಆದರೂ ಆ ಬೀಜ ಹದಿನೆಂಟು ಶತಮಾನಗಳ ಕಾಲ ಮೊಳೆಯಲಿಲ್ಲ.

ಆಲ್ಪ್ಸಿನ ಹಳ್ಳಿಗರು ಪುಸ್ತಕಗಳನ್ನು ಓದಿದವರಲ್ಲ. ಅವರು ಓದಿದ್ದು ಬೆಟ್ಟವನ್ನು. ಯಾವ ಬದಿಯಿಂದ ಹಿಮ ಇಳಿಯುತ್ತದೆ, ಎಲ್ಲಿ ಮನೆ ಕಟ್ಟಬಾರದು ಎಂಬುದನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳಿಕೊಟ್ಟರು. ಸ್ವಿಟ್ಸರ್ಲೆಂಡಿನ ಆಂಡರ್ಮಟ್ ಎಂಬ ಊರಿನ ನೆತ್ತಿಯ ಮೇಲೆ ತ್ರಿಕೋಣಾಕಾರದ ಒಂದು ಕಾಡಿದೆ. ೧೩೯೭ರಲ್ಲಿ ಆ ಕಣಿವೆಯ ಜನರು ಒಂದು ನಿರ್ಬಂಧಪತ್ರವನ್ನು ಬರೆದು, ಆ ಕಾಡಿನಿಂದ ಯಾರೂ ಮರವನ್ನು ತೆಗೆಯಕೂಡದೆಂದು ಕಟ್ಟು ಮಾಡಿದರು. ನಮ್ಮ ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಇಂಥ ಕಟ್ಟು ವಿಚಿತ್ರವೆನಿಸದು. ಅಲ್ಲಿ ಕಾಡನ್ನು ಕಾಯ್ದದ್ದು ದೈವಭಕ್ತಿ, ಆಂಡರ್ಮಟ್ಟಿನಲ್ಲಿ ಪ್ರಾಣಭಯ. ಇಳಿಜಾರಿನಲ್ಲಿ ನಿಂತ ಮರಗಳು ಹಿಮವನ್ನು ಗೂಟ ಹೊಡೆದಂತೆ ಹಿಡಿದಿಡುತ್ತವೆ. ಅದು ಒಂದೇ ಹಾಸಾಗಿ ಸೇರಿಕೊಳ್ಳಲು ಬಿಡುವುದಿಲ್ಲ. ಆದರೆ ಒಮ್ಮೆ ಮೇಲಿನಿಂದ ಹೊರಟು ವೇಗ ಪಡೆದ ಹಿಮವನ್ನು ಕಾಡು ತಡೆಯಲಾರದು. ಮರಗಳೂ ಅದರೊಡನೆ ಹರಿದು ಬರುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹಳ್ಳಿಯ ಅನುಭವವನ್ನು ಶಾಸ್ತ್ರದ ಹಾದಿಗೆ ತಂದವರಲ್ಲಿ ಯೋಹಾನ್ ಕೋಟ್ಸ್ ಎಂಬ ಅರಣ್ಯಾಧಿಕಾರಿ ಮುಖ್ಯನು. ೧೮೨೨ರಲ್ಲಿ ಹುಟ್ಟಿ ೧೯೧೮ರವರೆಗೆ ಬಾಳಿದ ಈತನು ಸ್ವಿಸ್ ಸಂಯುಕ್ತ ಸರ್ಕಾರದ ಮೊದಲ ಅರಣ್ಯ ಮೇಲ್ವಿಚಾರಕ. ಕಣಿವೆ ಕಣಿವೆಗೂ ವಿಚಾರಿಸಿ, ಹಿಮ ಇಳಿಯುವ ಜಾಡುಗಳನ್ನು ಗುರುತಿಸಿ, ೧೮೮೧ರಲ್ಲಿ ಸ್ವಿಸ್ ಆಲ್ಪ್ಸಿನ ಹಿಮಕುಸಿತಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಹಿಮವು ಕೆಳಗೆ ಬಂದ ಮೇಲೆ ಅದನ್ನು ತಡೆಯುವುದು ವ್ಯರ್ಥ, ಅದು ಹೊರಡುವ ಸ್ಥಳದಲ್ಲಿಯೇ ಅದನ್ನು ಕಟ್ಟಿಹಾಕಬೇಕು ಎಂಬುದು ಅವನ ಕಾಲದಲ್ಲಿ ಬೇರೂರಿದ ತತ್ತ್ವ. ಎತ್ತರದ ಇಳಿಜಾರುಗಳಲ್ಲಿ ಕಲ್ಲಿನ ಗೋಡೆಗಳೂ ಮೆಟ್ಟಿಲುಗಟ್ಟೆಗಳೂ ಎದ್ದುವು; ಬೋಳಾದ ಬೆಟ್ಟಗಳಲ್ಲಿ ಮತ್ತೆ ಸಸಿಗಳನ್ನು ನೆಟ್ಟರು.

ಇಷ್ಟಾಗಿಯೂ ‘ಎಲ್ಲಿ’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ದೊರಕಿತ್ತು. ‘ಯಾವಾಗ’ ಎಂಬುದಕ್ಕೆ ದೊರಕಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರೈಲು, ಯುದ್ಧ, ಪರ್ವತಾರೋಹಣ ಈ ಮೂರೂ ಮನುಷ್ಯನನ್ನು ಚಳಿಗಾಲದಲ್ಲಿಯೂ ಹಿಮದ ನಡುವೆ ಕೊಂಡೊಯ್ದಾಗ, ಆ ಎರಡನೆಯ ಪ್ರಶ್ನೆ ಭಯಂಕರವಾಗಿ ಎದ್ದು ನಿಂತಿತು.

೧೯೧೦ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಕ್ಯಾಸ್ಕೇಡ್ ಪರ್ವತಗಳಲ್ಲಿ ಎರಡು ರೈಲುಗಳು, ಒಂದು ಪ್ರಯಾಣಿಕರದು, ಒಂದು ಅಂಚೆಯದು, ಹಿಮದಲ್ಲಿ ಸಿಕ್ಕಿ ವೆಲಿಂಗ್ಟನ್ ಎಂಬ ಸಣ್ಣ ನಿಲ್ದಾಣದಲ್ಲಿ ನಿಂತುವು. ದಿನದ ಮೇಲೆ ದಿನ ಹಿಮ ಸುರಿಯಿತು. ಹಳಿಯನ್ನು ತೆರವು ಮಾಡಿದಷ್ಟೂ ಮತ್ತೆ ಮುಚ್ಚಿಕೊಂಡಿತು. ಕೆಲವು ಮಂದಿ ಪ್ರಯಾಣಿಕರು ಧೈರ್ಯಮಾಡಿ ನಡೆದೇ ಕೆಳಗಿಳಿದು ಪಾರಾದರು. ಉಳಿದವರು ಬಂಡಿಗಳಲ್ಲಿಯೇ ಕಾದರು. ಕಡೆಗೆ ಹಿಮ ನಿಂತು ಮಳೆ ಹಿಡಿಯಿತು, ಗಾಳಿ ಬೆಚ್ಚಗಾಯಿತು. ಮಾರ್ಚ್ ೧ರಂದು ನಡುರಾತ್ರಿ ಕಳೆದು ಒಂದು ಗಂಟೆ ದಾಟಿದ ಮೇಲೆ, ಗುಡುಗು ಮಿಂಚುಗಳ ನಡುವೆ, ಮೇಲಿನ ಇಳಿಜಾರಿನ ಹಿಮ ಒಂದೇ ಹಾಸಾಗಿ ಕಳಚಿ ಎರಡು ರೈಲುಗಳನ್ನೂ ಕೆಳಗಿನ ಹೊಳೆಯ ಕಮರಿಗೆ ತಳ್ಳಿತು. ಸತ್ತವರು ೯೬ ಮಂದಿ. ಆ ಇಳಿಜಾರಿನ ಕಾಡು ಹಿಂದೆಯೇ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಗಿದ್ದಿತು. ಇದಾಗಿ ಮೂರು ದಿನಗಳಿಗೆ, ಮಾರ್ಚ್ ೪ರಂದು, ಕೆನಡದ ರೋಜರ್ಸ್ ಕಣಿವೆದಾರಿಯಲ್ಲಿ ಒಂದು ಹಿಮಕುಸಿತ ರೈಲು ಹಳಿಯನ್ನು ಮುಚ್ಚಿತು. ಅದನ್ನು ತೆಗೆಯುತ್ತಿದ್ದ ಕೆಲಸಗಾರರ ಮೇಲೆ ಎದುರು ಬೆಟ್ಟದಿಂದ ಎರಡನೆಯದು ಇಳಿದು ಸುಮಾರು ೬೦ ಮಂದಿಯನ್ನು ಹೂತಿತು. ಅವರಲ್ಲಿ ಜಪಾನಿನಿಂದ ದುಡಿಯಲು ಬಂದಿದ್ದವರೇ ಬಹಳ. ಒಂದು ಬೆಟ್ಟ ತನ್ನ ಹೊರೆಯನ್ನು ಇಳಿಸಿದರೆ ಪಕ್ಕದ ಬೆಟ್ಟವೂ ಇಳಿಸಿದಂತಾಗಲಿಲ್ಲವೆಂಬ ಪಾಠವನ್ನು ಆ ರಾತ್ರಿ ಕಲಿಸಿತು.

ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯದ ಮತ್ತು ಇಟಲಿಯ ಸೈನ್ಯಗಳು ಆಲ್ಪ್ಸಿನ ಶಿಖರಗಳ ಮೇಲೆಯೇ ಬೀಡುಬಿಟ್ಟು ಕಾದುತ್ತಿದ್ದುವು. ಮಾರ್ಮೊಲಾಡ ಪರ್ವತದ ಕೆಳಗೆ ಗ್ರಾನ್ ಪೊಟ್ಸ್ ಎಂಬಲ್ಲಿ ಆಸ್ಟ್ರಿಯದ ಸೈನಿಕರ ಮರದ ಬಿಡಾರಗಳಿದ್ದುವು. ಕಡಿದಾದ ಬಂಡೆಗಳ ಮರೆಯಲ್ಲಿದ್ದುದರಿಂದ ಶತ್ರುವಿನ ಫಿರಂಗಿ ಗುಂಡುಗಳು ಅಲ್ಲಿಗೆ ತಾಗುತ್ತಿರಲಿಲ್ಲ. ಆದರೆ ಗುಂಡಿಗೆ ಮರೆಯಾದ ಜಾಗವೇ ಹಿಮದ ಜಾಡಿನಲ್ಲಿದ್ದಿತು. ೧೯೧೬ರ ಡಿಸೆಂಬರಿನಲ್ಲಿ ವಿಪರೀತ ಹಿಮ ಬಿದ್ದಾಗ, ದಳದ ನಾಯಕ ಕ್ಯಾಪ್ಟನ್ ರುಡಾಲ್ಫ್ ಷ್ಮಿಟ್ ಬಿಡಾರವನ್ನು ಅಲ್ಲಿಂದ ತೆಗೆಯಬೇಕೆಂದು ಮೇಲಿನವರಿಗೆ ಬರೆದುಕೊಂಡನು. ಬಿಡಾರ ಕದಲಲಿಲ್ಲ. ಬಳಿಕ ಹವೆ ಇದ್ದಕ್ಕಿದ್ದಂತೆ ಬೆಚ್ಚಗಾಗಿ ಮಳೆ ಬಂದಿತು. ಡಿಸೆಂಬರ್ ೧೩ರ ಮುಂಜಾನೆ, ಬಹು ಮಂದಿ ಇನ್ನೂ ಮಲಗಿರುವಾಗಲೇ, ನೆನೆದು ಭಾರವಾದ ಹಿಮ ಇಳಿದು ಸುಮಾರು ೨೭೦ ಮಂದಿಯನ್ನು ಕೊಂದಿತು. ಆ ದಿನವನ್ನು ಚರಿತ್ರೆ ‘ಬಿಳಿಯ ಶುಕ್ರವಾರ’ವೆಂದು ಕರೆಯುತ್ತದೆ, ವಾಸ್ತವವಾಗಿ ಅದು ಬುಧವಾರ. ಆ ತಿಂಗಳಲ್ಲಿ ಎರಡು ಪಕ್ಷಗಳಲ್ಲಿಯೂ ಹಿಮಕ್ಕೆ ಬಲಿಯಾದವರು ಬಹಳ.

ಮೂರನೆಯ ಉದಾಹರಣೆ ನಮ್ಮ ಹಿಮಾಲಯದ್ದು. ೧೯೨೨ರಲ್ಲಿ ಆಂಗ್ಲ ಆರೋಹಿಗಳ ತಂಡವೊಂದು ಟಿಬೆಟ್ಟಿನ ಕಡೆಯಿಂದ ಎವರೆಸ್ಟ್ ಶಿಖರವನ್ನು ಏರಲು ಯತ್ನಿಸಿತು. ಎರಡು ಯತ್ನಗಳು ವಿಫಲವಾದ ಮೇಲೆ ಜೂನ್ ಆರಂಭದಲ್ಲಿ ಭಾರಿಯಾಗಿ ಹಿಮ ಬಿದ್ದಿತು. ಬಿರುಗಾಳಿ ಅಡಗಿ ಹವೆ ತಿಳಿಯಾಯಿತು. ಜೂನ್ ೭ರಂದು ಜಾರ್ಜ್ ಮ್ಯಾಲೊರಿ, ಸೋಮರ್ವೆಲ್, ಕ್ರಾಫರ್ಡ್ ಈ ಮೂವರು ೧೪ ಮಂದಿ ಹೊರೆಯಾಳುಗಳೊಡನೆ ಉತ್ತರ ಕೋಲಿನ ಇಳಿಜಾರನ್ನು ಏರತೊಡಗಿದರು. ಅವರು ಹಿಮವನ್ನು ಪರೀಕ್ಷಿಸದೆ ಹೋದವರಲ್ಲ. ಕೆಳಗೆ ತುಳಿದು ನೋಡಿದಾಗ ಅದು ನಿಂತಿತು. ಮೇಲೆಯೂ ನಿಲ್ಲುವುದೆಂದು ಭಾವಿಸಿದರು. ಮಧ್ಯಾಹ್ನ ಸಿಡಿಲಿನಂಥ ಶಬ್ದವಾಗಿ ಹಿಮದ ಹಾಸು ಕಳಚಿತು. ಮುಂದಿದ್ದ ಆಂಗ್ಲರು ಅಂಚಿನಲ್ಲಿ ಸಿಕ್ಕಿ ಉಳಿದರು. ಹಿಂದಿನ ಹಗ್ಗಗಳಲ್ಲಿದ್ದ ಒಂಬತ್ತು ಮಂದಿ ಹಿಮದ ಕಡಿಬಂಡೆಯಿಂದ ಕೆಳಕ್ಕೆ ಬಿದ್ದರು. ಏಳು ಮಂದಿ ಸತ್ತರು. ಸತ್ತವರೆಲ್ಲರೂ ಕೂಲಿಗೆ ಬಂದ ಹೊರೆಯಾಳುಗಳು. ಬೆಟ್ಟವನ್ನು ಏರಬೇಕೆಂಬ ಹಂಬಲ ಅವರದಾಗಿರಲಿಲ್ಲ. ಅಂದು ಹೊರಡಬೇಕೆಂಬ ತೀರ್ಮಾನವೂ ಅವರದಾಗಿರಲಿಲ್ಲ. ಹಿಮಕುಸಿತದ ಚರಿತ್ರೆಯಲ್ಲಿ ಈ ಅನ್ಯಾಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಈ ಎಲ್ಲ ಸಂದರ್ಭಗಳಲ್ಲಿಯೂ ಹಿಮ ಬೀಳುವುದು ನಿಂತ ಮೇಲೆ, ಅಥವಾ ಹವೆ ತಿರುಗಿದ ಮೇಲೆ, ದುರಂತ ಒದಗಿತೆಂಬುದನ್ನು ಶ್ರೋತೃಗಳು ಗಮನಿಸಿರಬಹುದು. ಇದರ ಕಾರಣವನ್ನು ಕಂಡುಹಿಡಿದ ಕಥೆ ಸ್ವಿಟ್ಸರ್ಲೆಂಡಿನ ದಾವೋಸ್ ಎಂಬ ಊರಿಗೆ ಸೇರಿದುದು. ೧೯೩೧ರಲ್ಲಿ ಅಲ್ಲಿಯ ಸರ್ಕಾರ ಹಿಮ ಮತ್ತು ಹಿಮಕುಸಿತಗಳ ಸಂಶೋಧನೆಗಾಗಿ ಒಂದು ಮಂಡಲಿಯನ್ನು ನೇಮಿಸಿತು. ೧೯೩೬ರಲ್ಲಿ ದಾವೋಸಿನ ಮೇಲೆ, ೨,೬೦೦ ಮೀಟರುಗಳಿಗೂ ಮಿಗಿಲಾದ ಎತ್ತರದ ವೈಸ್‌ಫ್ಲೂಯೋಖ್ ಎಂಬಲ್ಲಿ, ಕೆಲವು ಮಂದಿ ವಿದ್ವಾಂಸರು ಮರದ ಗುಡಿಸಲೊಂದರಲ್ಲಿ ಪ್ರಯೋಗಶಾಲೆಯನ್ನು ಹೂಡಿದರು. ಹರಳುಗಳ ಶಾಸ್ತ್ರವನ್ನು ಬಲ್ಲ ಹೆನ್ರಿ ಬಾಡರ್, ಮಣ್ಣಿನ ಒತ್ತಡಗಳನ್ನು ಬಲ್ಲ ರಾಬರ್ಟ್ ಹೇಫೆಲಿ ಮೊದಲಾದವರು ಕೂಡಿ ದುಡಿದು, ಹಿಮದ ರೂಪಾಂತರಗಳನ್ನು ಕುರಿತ ಗ್ರಂಥವನ್ನು ೧೯೩೯ರಲ್ಲಿ ಹೊರತಂದರು. ಅದೇ ೧೯೩೬ರಲ್ಲಿಯೇ ಜಪಾನಿನ ಹೊಕ್ಕೈಡೋ ದ್ವೀಪದಲ್ಲಿ ಉಕಿಚಿರೊ ನಕಾಯ ಎಂಬ ವಿಜ್ಞಾನಿ ಮೊಲದ ಕೂದಲಿನ ತುದಿಯಲ್ಲಿ ಹಿಮದ ಹರಳನ್ನು ಪ್ರಥಮವಾಗಿ ಕೃತಕವಾಗಿ ಬೆಳೆಸಿದನು. ಮುಗಿಲಿನ ಹಿಮವನ್ನು ಒಬ್ಬನು, ನೆಲದ ಹಿಮವನ್ನು ಇತರರು, ಒಂದೇ ಕಾಲದಲ್ಲಿ ಅರಿಯತೊಡಗಿದರು.

ಅವರು ಕಂಡದ್ದೇನು? ನಮ್ಮ ಮನೆಗಳ ಚಿರೋಟಿಯನ್ನು ನೆನೆಯಿರಿ. ಹೊರಗಿನಿಂದ ಒಂದೇ ತಿಂಡಿ. ಮುರಿದರೆ ಎಳೆ ಎಳೆಯಾದ ಪದರಗಳು. ಬೆಟ್ಟದ ಮೇಲಿನ ಹಿಮವೂ ಹಾಗೆಯೇ. ಪ್ರತಿಯೊಂದು ಹಿಮಪಾತವೂ, ಪ್ರತಿಯೊಂದು ಬಿಸಿಲೂ, ಪ್ರತಿಯೊಂದು ಗಾಳಿಯೂ ಒಂದೊಂದು ಪದರವನ್ನು ಬಿಟ್ಟುಹೋಗುತ್ತದೆ. ತಿಳಿಯಾದ ಚಳಿಯ ರಾತ್ರಿಗಳಲ್ಲಿ ಹಿಮದ ಮೈಮೇಲೆ ಗರಿಯಂಥ ಹರಳುಗಳು ಮೂಡುತ್ತವೆ. ಇದು ಘನೀಭವಿಸಿದ ಇಬ್ಬನಿ. ಮತ್ತೊಂದು ಬದಲಾವಣೆ ಒಳಗೇ ನಡೆಯುತ್ತದೆ. ನೆಲಕ್ಕೆ ತಗುಲಿದ ಹಿಮ ನೀರು ಹೆಪ್ಪುಗಟ್ಟುವ ಉಷ್ಣತೆಗೆ ಸಮೀಪವಾಗಿಯೇ ಇರುತ್ತದೆ. ಮೇಲಿನ ಹಿಮ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಹಿಮದ ಹೊದಿಕೆ ತೆಳ್ಳಗಿದ್ದರೆ ಈ ವ್ಯತ್ಯಾಸದಿಂದ ಆವಿ ಕೆಳಗಿನಿಂದ ಮೇಲಕ್ಕೆ ಚಲಿಸಿ, ಕೆಳಗಿನ ಕಣಗಳು ಸಕ್ಕರೆಯ ಹರಳುಗಳಂತೆ ದಪ್ಪವಾಗಿ, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗುತ್ತವೆ. ಇಂಥ ಬಲಹೀನ ಪದರದ ಮೇಲೆ ಹೊಸ ಬಿರುಗಾಳಿ ತನ್ನ ಹೊರೆಯನ್ನು ಹೊರಿಸಿದಾಗ, ಸಕ್ಕರೆ ಚೆಲ್ಲಿದ ಓರೆಹಲಗೆಯ ಮೇಲೆ ಕಲ್ಲುಚಪ್ಪಡಿಯನ್ನು ಇಟ್ಟಂತಾಗುತ್ತದೆ. ಆದ್ದರಿಂದ ಅಪಾಯದ ಅರ್ಧಭಾಗ ನಿನ್ನೆಯ ಬಿರುಗಾಳಿಯದು. ಉಳಿದರ್ಧ ಅದಕ್ಕೆ ಹಲವು ವಾರಗಳ ಮುಂಚಿನ ಚಳಿಯದು.

ಇಳಿಜಾರಿನ ಓರೆಯೂ ಮುಖ್ಯ. ೩೦ ಡಿಗ್ರಿಗಿಂತ ಕಡಮೆಯಾದ ಓರೆಯಲ್ಲಿ ಚಪ್ಪಡಿ ಜಾರುವುದು ವಿರಳ. ೫೦ ಡಿಗ್ರಿಯನ್ನು ಮೀರಿದಲ್ಲಿ ಹಿಮ ಸಾಮಾನ್ಯವಾಗಿ ನಿಲ್ಲದೆ ಆಗಾಗ ಉದುರಿಹೋಗುತ್ತದೆ. ೩೦ರಿಂದ ೪೫ ಡಿಗ್ರಿಗಳ ನಡುವೆ, ಅಂದರೆ ಹತ್ತಿ ಇಳಿಯಲು ಮನಸ್ಸೆಳೆಯುವ ಇಳಿಜಾರುಗಳಲ್ಲಿಯೇ, ಅಪಾಯ ಹೆಚ್ಚು. ಗಾಳಿ ಈ ಕೆಡುಕಿನ ಶಿಲ್ಪಿ. ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ತಂದು ಏಣಿನಾಚೆಯ ಮರೆಯಲ್ಲಿ ಅದು ಒಟ್ಟುತ್ತದೆ. ಮುಗಿಲಿನಿಂದ ಬಿದ್ದುದಕ್ಕಿಂತ ಹಲವು ಪಟ್ಟು ಹಿಮ ಅಲ್ಲಿ ಸೇರುವುದುಂಟು. ಹಿಮ ಬೀಳುವುದು ನಿಂತ ಮೇಲೂ ಗಾಳಿ ಈ ಕೆಲಸವನ್ನು ಮುಂದುವರಿಸುತ್ತಿರುತ್ತದೆ. ಹೊಸ ಹಿಮ ತನ್ನ ಭಾರಕ್ಕೆ ತಾನೇ ಕುಗ್ಗಿ, ಕಣಕ್ಕೆ ಕಣ ಬೆಸೆದು ನೆಲೆಗೊಳ್ಳಲು ಸಾಮಾನ್ಯವಾಗಿ ಒಂದೆರಡು ದಿನಗಳು ಬೇಕು. ಕೆಳಗೆ ಬಲಹೀನ ಪದರವಿದ್ದರೆ ವಾರಗಳಾದರೂ ಸಾಲವು. ಕೂಗಿದರೆ ಹಿಮ ಕುಸಿಯುತ್ತದೆಂಬ ನಂಬಿಕೆ ಬಹು ಪ್ರಸಿದ್ಧ. ಮನುಷ್ಯನ ಧ್ವನಿಗೆ ಅಷ್ಟು ಬಲವಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಅವನ ತೂಕಕ್ಕೆ ಮಾತ್ರ ಆ ಬಲವುಂಟು. ಆರೋಹಿಗಳನ್ನೂ ಹಿಮದ ಮೇಲೆ ಜಾರುವ ವಿನೋದಗಾರರನ್ನೂ ಕೊಂದ ಹಿಮಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಹೊರಡಿಸಿದವರು ಆ ಬಲಿಯಾದವರೇ ಅಥವಾ ಅವರ ಸಂಗಡಿಗರೇ. ಕಾಲಿಟ್ಟೊಡನೆ ಹಿಮ ‘ಧುಂ’ ಎಂದು ಕುಗ್ಗುವುದು, ಪಾದದಿಂದ ಬಿರುಕುಗಳು ಓಡುವುದು, ಎದುರು ಬೆಟ್ಟದಲ್ಲಿ ಆಗ ತಾನೇ ಕುಸಿದ ಗುರುತು, ಇವು ಬೆಟ್ಟ ಕೊಡುವ ಎಚ್ಚರಿಕೆಗಳು.

ಈ ಜ್ಞಾನದ ಫಲವಾಗಿ ೧೯೪೨ರಲ್ಲಿ ದಾವೋಸಿನ ಸಂಸ್ಥೆ ಶಾಶ್ವತವಾಗಿ ಸ್ಥಾಪಿತವಾಯಿತು. ಯುದ್ಧಕಾಲದಲ್ಲಿ ಸೈನ್ಯವು ನಡೆಸುತ್ತಿದ್ದ ಹಿಮದ ಮುನ್ಸೂಚನೆಯ ಕಾರ್ಯ ೧೯೪೫ರಲ್ಲಿ ಅದರ ಕೈಗೆ ಬಂದಿತು. ಹೀಗೆ ‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಹೇಳುವ ವ್ಯವಸ್ಥೆಯೊಂದು ಹುಟ್ಟಿತು. ಆರು ವರ್ಷ ತುಂಬುವುದರೊಳಗೆ ಅದಕ್ಕೆ ಘೋರ ಪರೀಕ್ಷೆ ಒದಗಿತು. ೧೯೫೧ರ ಜನವರಿ ೧೯ರಿಂದ ಕೆಲವು ದಿನಗಳ ಕಾಲ ಆಲ್ಪ್ಸಿನ ಮೇಲೆ ಎಡೆಬಿಡದೆ ಹಿಮ ಸುರಿಯಿತು. ಶತಮಾನಗಳಿಂದ ಕ್ಷೇಮವಾಗಿದ್ದ ಮನೆಗಳೂ ಕೊಚ್ಚಿಹೋದುವು. ವಾಲ್ಸ್ ಎಂಬ ಹಳ್ಳಿಯೊಂದರಲ್ಲಿಯೇ ೧೯ ಮಂದಿ ಸತ್ತರು, ಆಂಡರ್ಮಟ್ಟಿನಲ್ಲಿಯೂ ಸಾವುಗಳಾದುವು. ಆ ಚಳಿಗಾಲದಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ೯೮ ಮಂದಿ, ಆಸ್ಟ್ರಿಯದಲ್ಲಿ ಅದಕ್ಕಿಂತ ಹೆಚ್ಚು ಮಂದಿ ಹಿಮಕ್ಕೆ ಬಲಿಯಾದರು. ದುಃಖದಿಂದ ಆ ಜನರು ಕಲಿತರು. ಹಳ್ಳಿಗಳ ನಕ್ಷೆಗಳಲ್ಲಿ ಅಪಾಯದ ವಲಯಗಳನ್ನು ಬಣ್ಣಗಳಿಂದ ಗುರುತಿಸಿ, ಕೆಂಪು ವಲಯದಲ್ಲಿ ಮನೆ ಕಟ್ಟಕೂಡದೆಂದು ವಿಧಿಸಿದರು. ಕಲ್ಲಿನ ಗೋಡೆಗಳಿಗೆ ಬದಲಾಗಿ ಉಕ್ಕಿನ ಬೇಲಿಗಳನ್ನು ಶಿಖರದ ಬಳಿ ಸಾಲುಸಾಲಾಗಿ ನಿಲ್ಲಿಸಿದರು. ಇಂದು ಸ್ವಿಟ್ಸರ್ಲೆಂಡಿನಲ್ಲಿ ಅವುಗಳ ಒಟ್ಟು ಉದ್ದ ೫೦೦ ಕಿಲೋಮೀಟರುಗಳನ್ನು ಮೀರಿದೆ.

ಎರಡನೆಯ ಪರೀಕ್ಷೆ ೧೯೯೯ರ ಫೆಬ್ರವರಿಯಲ್ಲಿ. ಜನವರಿ ಕೊನೆಯಿಂದ ಒಂದು ತಿಂಗಳ ಅವಧಿಯಲ್ಲಿ ಮೂರು ಬಿರುಗಾಳಿಗಳು ಒಂದರ ಮೇಲೊಂದು ಬಂದುವು. ಕೆಲವೆಡೆ ಐದು ಮೀಟರುಗಳಿಗೂ ಹೆಚ್ಚು ಹಿಮ ಬಿದ್ದಿತು. ೧೯೫೧ಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಬೆಟ್ಟಗಳಲ್ಲಿದ್ದರೂ ಸ್ವಿಟ್ಸರ್ಲೆಂಡಿನಲ್ಲಿ ಮನೆಗಳಲ್ಲಿಯೂ ರಸ್ತೆಗಳಲ್ಲಿಯೂ ಸತ್ತವರ ಸಂಖ್ಯೆ ೧೭ಕ್ಕೆ ನಿಂತಿತು. ಆದರೆ ಆಸ್ಟ್ರಿಯದ ಗಾಲ್ಟ್ಯೂರ್ ಎಂಬ ಹಳ್ಳಿಯಲ್ಲಿ ಫೆಬ್ರವರಿ ೨೩ರಂದು, ಕ್ಷೇಮವೆಂದು ನಕ್ಷೆ ಹೇಳುತ್ತಿದ್ದ ಭಾಗಕ್ಕೇ ಹಿಮ ನುಗ್ಗಿತು. ಮರುದಿನ ಪಕ್ಕದ ವಾಲ್ಟ್ಸೂರ್ ಎಂಬಲ್ಲಿಯೂ ಹೀಗೆಯೇ ಆಯಿತು. ಎರಡೂ ಸೇರಿ ೩೮ ಮಂದಿ ಸತ್ತರು. ಹಿಂದೆ ಕಂಡದ್ದನ್ನು ನಕ್ಷೆ ಹೇಳಬಲ್ಲದು. ಹಿಂದೆಂದೂ ಕಾಣದುದನ್ನು ಬೆಟ್ಟ ಮಾಡಬಲ್ಲದು. ಇಂದು ಗಾಲ್ಟ್ಯೂರಿನಲ್ಲಿ ಹಿಮವನ್ನು ತಡೆಯುವ ದೊಡ್ಡ ಗೋಡೆಯೊಳಗೇ ಆ ದುರಂತದ ನೆನಪಿನ ವಸ್ತುಸಂಗ್ರಹಾಲಯವನ್ನು ಕಟ್ಟಿದ್ದಾರೆ. ೨೦೧೮ರಲ್ಲಿ ಯುನೆಸ್ಕೊ ಸಂಸ್ಥೆಯು ಹಿಮಕುಸಿತದ ಅಪಾಯವನ್ನು ನಿಭಾಯಿಸುವ ಈ ಎರಡು ದೇಶಗಳ ಪರಂಪರಾಗತ ಜ್ಞಾನವನ್ನು ಮಾನವಕುಲದ ಸಾಂಸ್ಕೃತಿಕ ಸಂಪತ್ತುಗಳ ಪಟ್ಟಿಗೆ ಸೇರಿಸಿತು. ಸಂಗೀತ, ನೃತ್ಯಗಳ ಸಾಲಿನಲ್ಲಿ ಎಚ್ಚರಿಕೆಯೂ ಒಂದು ಕಲೆಯೆಂದು ಎಣಿಸಲ್ಪಟ್ಟಿತು.

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದದ್ದು ಗಡಿಯ ಅಗತ್ಯದಿಂದ. ೧೯೬೯ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನ ಸಂಸ್ಥೆಯನ್ನು ರಕ್ಷಣಾ ಇಲಾಖೆ ಸ್ಥಾಪಿಸಿತು. ೨೦೨೦ರಲ್ಲಿ ಅದನ್ನು ಚಂಡೀಗಢದ ದೊಡ್ಡ ಸಂಸ್ಥೆಯೊಂದರಲ್ಲಿ ವಿಲೀನಗೊಳಿಸಲಾಯಿತು. ೧೯೭೯ರ ಮಾರ್ಚಿನಲ್ಲಿ ಲಾಹೂಲ್ ಕಣಿವೆಯಲ್ಲಿ ೨೦೦ಕ್ಕೂ ಹೆಚ್ಚು ಮಂದಿಯೂ, ೨೦೦೫ರ ಫೆಬ್ರವರಿಯಲ್ಲಿ ಕಾಶ್ಮೀರದ ವಾಲ್ಟೆಂಗು ನಾಡ್ ಎಂಬ ಹಳ್ಳಿಯಲ್ಲಿ ೧೫೦ಕ್ಕೂ ಹೆಚ್ಚು ಮಂದಿಯೂ ಸತ್ತರು. ಆಲ್ಪ್ಸಿನ ಹಳ್ಳಿಗಳಲ್ಲಿ ಆರುನೂರು ವರ್ಷಗಳಿಂದ ಬರೆದಿಟ್ಟ ದಾಖಲೆಗಳಿವೆ. ಹಿಮಾಲಯದ ಹಳ್ಳಿಗಳಲ್ಲಿ ಅನುಭವವು ಹೆಚ್ಚಾಗಿ ಮುದುಕರ ಬಾಯಲ್ಲಿದೆ.

ಹಿಮವಿಲ್ಲದ ನಾಡಿನವರಾದ ನಮಗೂ ಈ ಚರಿತ್ರೆಯಲ್ಲಿ ಒಂದು ಪಾಲುಂಟು. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಮೇಲೆ, ೧೯,೬೦೦ ಅಡಿಗಳ ಎತ್ತರದಲ್ಲಿ, ಹಿಮಗಲ್ಲಿನ ಗೋಡೆಯೊಂದು ಕುಸಿದು ಮದರಾಸು ರೆಜಿಮೆಂಟಿನ ೧೦ ಮಂದಿ ಸೈನಿಕರನ್ನು ಹೂತಿತು. ಅವರಲ್ಲಿ ಕನ್ನಡಿಗರೂ ಇದ್ದರು. ಹುಗಿದುಹೋದವನ ಆಯುಷ್ಯವನ್ನು ಶಾಸ್ತ್ರವು ನಿಮಿಷಗಳಿಂದ ಅಳೆಯುತ್ತದೆ: ಮೊದಲ ೧೦ ನಿಮಿಷಗಳೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ, ಅರ್ಧ ಗಂಟೆ ಕಳೆದರೆ ಮೂವರು ಉಳಿಯುವುದೇ ಹೆಚ್ಚು. ಅದಕ್ಕಾಗಿಯೇ ೧೯೬೮ರ ಈಚೆಗೆ ಆರೋಹಿಗಳು ಒಬ್ಬರನ್ನೊಬ್ಬರು ಹುಡುಕಲು ರೇಡಿಯೋ ಸಂಕೇತ ಕಳುಹಿಸುವ ಪುಟ್ಟ ಯಂತ್ರವನ್ನು ಎದೆಗೆ ಕಟ್ಟಿಕೊಳ್ಳುವ ರೂಢಿ ಬಂದಿದೆ. ಹೀಗಿರಲಾಗಿ, ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರನೆಯ ದಿನ, ಫೆಬ್ರವರಿ ೮ರಂದು, ಆಳವಾದ ಹಿಮದ ಅಡಿಯಿಂದ ಜೀವಸಹಿತ ಹೊರಬಂದಾಗ ಲೋಕವೇ ಬೆರಗಾಯಿತು. ಕುಸಿದ ಗುಡಾರದೊಳಗೆ ಉಳಿದ ಒಂದಿಷ್ಟು ಗಾಳಿ ಅವರ ಪ್ರಾಣವನ್ನು ಹಿಡಿದಿದ್ದಿತು. ಜೋಳದ ಹೊಲಗಳ ನಾಡಿನಲ್ಲಿ, ಹಿಮವನ್ನೇ ಕಾಣದ ಊರುಗಳಲ್ಲಿ, ಜನ ಮೂರು ದಿನ ಅವರಿಗಾಗಿ ಪ್ರಾರ್ಥಿಸಿದರು. ಫೆಬ್ರವರಿ ೧೧ರಂದು ದೆಹಲಿಯಲ್ಲಿ ಅವರು ತೀರಿಕೊಂಡರು.

ಇನ್ನೊಂದು ನಿದರ್ಶನವನ್ನು ಹೇಳಿ ಮುಗಿಸೋಣ. ೨೦೨೫ರ ಫೆಬ್ರವರಿ ಕೊನೆಯಲ್ಲಿ ಉತ್ತರಾಖಂಡದ ಎತ್ತರದ ಜಿಲ್ಲೆಗಳಲ್ಲಿ ಭಾರಿಯಾಗಿ ಹಿಮ ಬೀಳುತ್ತಿತ್ತು. ೨೭ರ ಸಂಜೆ ಚಂಡೀಗಢದ ಸಂಸ್ಥೆಯಿಂದ, ೨,೪೦೦ ಮೀಟರುಗಳಿಗೆ ಮೇಲ್ಪಟ್ಟ ಸ್ಥಳಗಳಿಗೆ ಅಪಾಯವಿದೆಯೆಂಬ ಎಚ್ಚರಿಕೆ ಹೊರಟಿತು. ೨೮ರ ಬೆಳಗ್ಗೆ ಬದರೀನಾಥದ ಆಚೆಯ ಮಾಣಾ ಗ್ರಾಮದ ಬಳಿ, ಗಡಿ ರಸ್ತೆಯ ಕೆಲಸಕ್ಕೆ ಬಂದಿದ್ದ ೫೪ ಮಂದಿಯ ಬಿಡಾರದ ಮೇಲೆ ಹಿಮ ಇಳಿಯಿತು. ಸೈನಿಕರು ಎರಡು ಮೂರು ದಿನ ಹೆಣಗಿ ೪೬ ಮಂದಿಯನ್ನು ಉಳಿಸಿದರು. ಎಂಟು ಮಂದಿ ಸತ್ತರು. ೧೯೧೬ರಲ್ಲಿ ಒಬ್ಬ ನಾಯಕನಿಗೆ ತೋರಿದ ಅಪಾಯವನ್ನು ಮೇಲಿನವರಿಗೆ ಸಿದ್ಧಪಡಿಸಿ ತೋರುವ ಶಾಸ್ತ್ರ ಆಗ ಇರಲಿಲ್ಲ. ಈಗ ಶಾಸ್ತ್ರವುಂಟು, ಎಚ್ಚರಿಕೆಯ ಮಾತೂ ಸಕಾಲದಲ್ಲಿ ಹೊರಡುತ್ತದೆ. ಆ ಮಾತು ಹಿಮದ ಕೆಳಗೆ ಮಲಗಿದ ಕೂಲಿಗಾರನ ಬಿಡಾರವನ್ನು ಮುಟ್ಟಿ, ಅವನನ್ನು ಅಲ್ಲಿಂದ ಎಬ್ಬಿಸಿ ಕರೆದೊಯ್ಯುವವರೆಗೆ ಅದರ ಕೆಲಸ ಮುಗಿಯಲಿಲ್ಲ.

ಹಿಮದ ಚರಿತ್ರೆಯಿಂದ ನಾವು ತಿಳಿಯುವುದಿಷ್ಟು. ಬೆಟ್ಟವು ಮನುಷ್ಯನ ಮೇಲೆ ಮುನಿಯುವುದಿಲ್ಲ, ಒಲಿಯುವುದೂ ಇಲ್ಲ. ತನ್ನ ಮೇಲೆ ಬಿದ್ದ ಪ್ರತಿಯೊಂದು ಪದರವನ್ನೂ ಲೆಕ್ಕದಲ್ಲಿಟ್ಟುಕೊಂಡಿರುತ್ತದೆ. ಆಂಡರ್ಮಟ್ಟಿನ ರೈತರು ಆ ಲೆಕ್ಕವನ್ನು ಕಾಡಿನಲ್ಲಿ ಬರೆದರು. ದಾವೋಸಿನ ವಿದ್ವಾಂಸರು ಹಿಮದಲ್ಲಿ ಗುಂಡಿ ತೋಡಿ ಅದನ್ನು ಓದಿದರು. ಓದಿದ್ದನ್ನು ಕೇಳುವವರು ಬೇಕು. ಮಲೆನಾಡಿನಲ್ಲಿ ಮಳೆ ನಿಂತ ಮೇಲೂ ಮರದ ಹನಿ ನಿಲ್ಲದೆಂಬುದನ್ನು ನಾವೆಲ್ಲರೂ ಬಲ್ಲೆವು. ಹಿಮದ ನಾಡಿನಲ್ಲಿ ಬಿರುಗಾಳಿ ನಿಂತ ಮರುದಿನ, ಆಕಾಶ ಎಷ್ಟೇ ನೀಲಿಯಾಗಿದ್ದರೂ, ಇನ್ನೊಂದೆರಡು ದಿನ ಬಾಗಿಲೊಳಗೆ ಕಾಯುವುದು ಹೇಡಿತನವಲ್ಲ. ಬಹು ಜನರ ಪ್ರಾಣಗಳನ್ನು ತೆತ್ತು ಸಂಪಾದಿಸಿದ ವಿವೇಕ ಅದು.